ಯಂಗ್ ಟ್ಯಾಬ್ಲೋ: ಮನೆಗೆ ಅಂಕಿ ತುಂಬುವ ಲೆಕ್ಕ ಕ್ವಾಂಟಮ್‌ವರೆಗೆ ಹೋಗೋದು ಹೇಗೆ?

ಕ್ವಾಂಟಮ್ ಅನ್ನೋ ಪದ ಈಗ ದಾವಣಗೆರೆ ಕಾಲೇಜುಗಳ ಕಾರಿಡಾರಿನಲ್ಲೂ ಓಡಾಡುತ್ತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. 2025 ಅನ್ನು ವಿಶ್ವಸಂಸ್ಥೆ ಕ್ವಾಂಟಮ್ ವಿಜ್ಞಾನದ ವರ್ಷ ಅಂತ ಘೋಷಿಸಿತು. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಗಣಿತ ಓದುವವರು, ಹರಿಹರ, ಜಗಳೂರು, ಚನ್ನಗಿರಿಯಿಂದ ದಿನಾ ಬಸ್ಸಲ್ಲಿ ಬಂದು ಬಿ.ಎಸ್ಸಿ. ಮಾಡುವವರು, ಅವರ ಮನೆಯವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದಕ್ಕೆಲ್ಲ ಯಾವ ಗಣಿತ ಬೇಕು?

ಉತ್ತರದಲ್ಲಿ ರೆಪ್ರೆಸೆಂಟೇಷನ್ ಥಿಯರಿ ಅನ್ನೋ ಹೆಸರು ಬಂದೇ ಬರುತ್ತದೆ. ಹೆಸರು ಕೇಳಿದರೆ ಭಯ ಆಗುತ್ತದೆ, ಪುಸ್ತಕ ತೆರೆದರೆ ಇನ್ನೂ ಜಾಸ್ತಿ. ಆದರೆ ಅದರ ಒಳಗೆ ಹೋಗೋಕೆ ಒಂದು ಚೆಂದದ ಬಾಗಿಲು ಇದೆ. ಅದೇ ಯಂಗ್ ಟ್ಯಾಬ್ಲೋ. ಚೌಕದ ಮನೆಗಳನ್ನು ಬರೆದು, ಅವಕ್ಕೆ 1, 2, 3 ಅಂತ ಅಂಕಿ ತುಂಬುವ ಲೆಕ್ಕ. ಹತ್ತನೇ ಕ್ಲಾಸಿನ ಹುಡುಗಿಯೂ ಪೆನ್ಸಿಲ್ ಹಿಡಿದು ಮಾಡಬಹುದು. ಇಷ್ಟು ಸರಳ ಲೆಕ್ಕಕ್ಕೂ ಅಷ್ಟು ದೊಡ್ಡ ಸಿದ್ಧಾಂತಕ್ಕೂ ಏನು ಸಂಬಂಧ, ಅದು ಯಾಕೆ ಕಾಕತಾಳೀಯ ಅಲ್ಲ ಅನ್ನೋದನ್ನ ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

## ಮೊದಲು ಚಿತ್ರ

4 ಅನ್ನು ಎಷ್ಟು ಥರ ಒಡೆಯಬಹುದು? 4, 3+1, 2+2, 2+1+1, 1+1+1+1. ಐದು ಥರ. 3+1 ಅಂದರೂ 1+3 ಅಂದರೂ ಒಂದೇ ಲೆಕ್ಕ, ಅದಕ್ಕೇ ದೊಡ್ಡದನ್ನು ಮೊದಲು ಬರೆಯುತ್ತೇವೆ. ಹೀಗೆ ಒಡೆಯೋದಕ್ಕೆ ಪಾರ್ಟಿಷನ್ ಅಂತ ಹೆಸರು.

5ಕ್ಕೆ 7 ಪಾರ್ಟಿಷನ್, 6ಕ್ಕೆ 11, 10ಕ್ಕೆ 42. ನಿಧಾನಕ್ಕೆ ಏರುತ್ತಿದೆ ಅನ್ನಿಸುತ್ತದೆ ಅಲ್ವಾ? 100ಕ್ಕೆ ಬರುವ ಹೊತ್ತಿಗೆ ಅದು 19,05,69,292 ಆಗಿರುತ್ತದೆ. ಈ ಸಂಖ್ಯೆ ಎಷ್ಟು ವೇಗವಾಗಿ ಬೆಳೆಯುತ್ತದೆ ಅನ್ನೋದಕ್ಕೆ ಸೂತ್ರ ಕೊಟ್ಟವರು ನಮ್ಮ ಶ್ರೀನಿವಾಸ ರಾಮಾನುಜನ್ ಮತ್ತು ಹಾರ್ಡಿ, 1918ರಲ್ಲಿ.

ಈಗ ಪ್ರತಿ ಪಾರ್ಟಿಷನ್‌ಗೂ ಒಂದು ಚಿತ್ರ ಬರೆಯೋಣ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಪೇರಿಸೋದನ್ನ ನೋಡಿದವರಿಗೆ ಇದು ಸಲೀಸು. ಗೋದಾಮಿನ ಎಡಗೋಡೆಗೆ ಒತ್ತಿ ನೆಲದ ಮೇಲೆ ಒಂದು ಸಾಲು ಚೀಲ ಇಡಿ. ಅದರ ಮೇಲೆ ಎರಡನೇ ಸಾಲು, ಅದೂ ಗೋಡೆಯಿಂದಲೇ ಶುರು. ಮೇಲಿನ ಸಾಲು ಕೆಳಗಿನದಕ್ಕಿಂತ ಉದ್ದ ಇರೋ ಹಾಗಿಲ್ಲ, ಇದ್ದರೆ ಕೊನೆಯ ಚೀಲ ಕೆಳಗೆ ಬೀಳುತ್ತದೆ. ಸಮ ಇದ್ದರೆ ಪರವಾಗಿಲ್ಲ. ನೆಲದಲ್ಲಿ 3 ಚೀಲ, ಮೇಲೆ 2 ಚೀಲ ಇದ್ದರೆ ಅದು 3+2. ಎದುರಿಗೆ ನಿಂತು ನೋಡಿದಾಗ ಕಾಣುವ ಮೆಟ್ಟಿಲು ಆಕಾರವೇ ಯಂಗ್ ಡಯಾಗ್ರಾಮ್.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಉದ್ದ ಸಾಲನ್ನು ಮೇಲೆ ಬರೆದು, ಗಿಡ್ಡ ಸಾಲುಗಳನ್ನು ಕೆಳಗೆ ಇಳಿಸುತ್ತಾರೆ. ಅದು ಇಂಗ್ಲಿಷ್ ಪದ್ಧತಿ. ನೆಲದಿಂದ ಮೇಲಕ್ಕೆ ಬರೆಯೋದು ಫ್ರೆಂಚ್ ಪದ್ಧತಿ. ಎರಡರಲ್ಲೂ ಗಣಿತ ಒಂದೇ. ಚೀಲಕ್ಕೆ ಹೊಂದೋದು ಫ್ರೆಂಚರದ್ದು, ಹಾಗಾಗಿ ಇಲ್ಲಿ ಮೊದಲ ಸಾಲು ಅಂದ್ರೆ ನೆಲದ ಸಾಲು ಅಂತಲೇ ಇಟ್ಟುಕೊಳ್ಳೋಣ.

## ಅಂಕಿ ತುಂಬೋದು

ಚೀಲಗಳನ್ನು ಯಾವ ಕ್ರಮದಲ್ಲಿ ಇಟ್ಟರು ಅಂತ ಪ್ರತಿ ಚೀಲದ ಮೇಲೆ ನಂಬರ್ ಬರೆಯಿರಿ. ಮೊದಲು ಇಟ್ಟದ್ದು 1, ಆಮೇಲೆ 2, ಹೀಗೆ. ಒಂದು ಚೀಲ ಇಡಬೇಕಾದರೆ ಅದರ ಎಡಕ್ಕೆ ಚೀಲ ಅಥವಾ ಗೋಡೆ, ಕೆಳಗೆ ಚೀಲ ಅಥವಾ ನೆಲ ಇರಲೇಬೇಕು. ಹಾಗಾಗಿ ಯಾವುದೇ ಅಡ್ಡಸಾಲಿನಲ್ಲಿ ಬಲಕ್ಕೆ ಹೋದಂತೆ ನಂಬರ್ ಏರುತ್ತದೆ, ಯಾವುದೇ ಕಂಬಸಾಲಿನಲ್ಲಿ ಮೇಲಕ್ಕೆ ಹೋದಂತೆಯೂ ಏರುತ್ತದೆ. ಹೀಗೆ ನಂಬರ್ ತುಂಬಿದ ಚಿತ್ರಕ್ಕೆ ಸ್ಟ್ಯಾಂಡರ್ಡ್ ಯಂಗ್ ಟ್ಯಾಬ್ಲೋ ಅಂತ ಹೆಸರು.

3+2 ಆಕಾರವನ್ನೇ ತೆಗೆದುಕೊಳ್ಳಿ. ಓರೆಗೆರೆಯ ಎಡಕ್ಕೆ ನೆಲದ ಸಾಲು, ಬಲಕ್ಕೆ ಮೇಲಿನ ಸಾಲು ಅಂತ ಬರೆದರೆ ಸಾಧ್ಯ ಇರೋದು ಇಷ್ಟೇ:

1 2 3 / 4 5
1 2 4 / 3 5
1 2 5 / 3 4
1 3 4 / 2 5
1 3 5 / 2 4

ಐದು. ಆರನೆಯದನ್ನು ಹುಡುಕಿ ನೋಡಿ, ಸಿಗೋದಿಲ್ಲ. ಉದಾಹರಣೆಗೆ 1 4 5 / 2 3 ಯಾಕೆ ಆಗೋದಿಲ್ಲ? 3ನೇ ಚೀಲ ಇಡುವಾಗ ಅದರ ಕೆಳಗೆ ಇರಬೇಕಾದ 4 ಇನ್ನೂ ಬಂದೇ ಇಲ್ಲ.

## ಕೊಕ್ಕೆ ಲೆಕ್ಕ

ಚಿಕ್ಕ ಆಕಾರಕ್ಕೆ ಕೂತು ಎಣಿಸಬಹುದು. 4+3+2+1 ಅಂತ ಹತ್ತು ಮನೆಯ ಆಕಾರ ಬಂದರೆ? ಅಲ್ಲಿ 768 ಟ್ಯಾಬ್ಲೋಗಳಿವೆ. ಎಣಿಸುತ್ತಾ ಕೂತರೆ ಒಂದು ಸಂಜೆ ಸಾಲದು. ಇದಕ್ಕೆ ನಂಬೋಕೇ ಕಷ್ಟ ಆಗುವಷ್ಟು ಸುಲಭದ ಸೂತ್ರ ಇದೆ.

ಒಂದು ಮನೆಯ ಮೇಲೆ ಬೆರಳಿಡಿ. ಆ ಮನೆ, ಅದರ ಬಲಕ್ಕೆ ಅದೇ ಸಾಲಿನಲ್ಲಿರುವ ಮನೆಗಳು, ಅದರ ನೆತ್ತಿಯ ಮೇಲೆ ಅದೇ ಕಂಬಸಾಲಿನಲ್ಲಿರುವ ಮನೆಗಳು, ಎಲ್ಲ ಸೇರಿಸಿ ಎಣಿಸಿ. ಆಕಾರ ಕೊಕ್ಕೆಯ ಹಾಗೆ ಇರೋದರಿಂದ ಇದಕ್ಕೆ ಆ ಮನೆಯ ಕೊಕ್ಕೆ ಉದ್ದ ಅನ್ನುತ್ತಾರೆ. 3+2ರಲ್ಲಿ ನೆಲದ ಸಾಲಿನ ಮೊದಲ ಮನೆಗೆ ಬಲಕ್ಕೆ ಎರಡು, ಮೇಲೆ ಒಂದು, ತಾನು ಒಂದು, ಒಟ್ಟು 4. ಎರಡನೇ ಮನೆಗೆ 3, ಮೂರನೆಯದಕ್ಕೆ 1. ಮೇಲಿನ ಸಾಲಿನಲ್ಲಿ 2 ಮತ್ತು 1. ಎಲ್ಲ ಗುಣಿಸಿದರೆ 4×3×1×2×1 = 24.

ಈಗ 5ರ ಫ್ಯಾಕ್ಟೋರಿಯಲ್, ಅಂದ್ರೆ 5×4×3×2×1 = 120. ಅದನ್ನು 24ರಿಂದ ಭಾಗಿಸಿ. 5 ಬಂತು. ನಾವು ಮೇಲೆ ಕೈಯಲ್ಲಿ ಎಣಿಸಿದ್ದೂ ಐದೇ. ಯಾವ ಆಕಾರಕ್ಕಾದರೂ ಹೀಗೇ: ಮನೆಗಳ ಸಂಖ್ಯೆಯ ಫ್ಯಾಕ್ಟೋರಿಯಲ್ ಅನ್ನು ಎಲ್ಲ ಕೊಕ್ಕೆ ಉದ್ದಗಳ ಗುಣಲಬ್ಧದಿಂದ ಭಾಗಿಸಿದರೆ ಮುಗೀತು.

ಈ ಸೂತ್ರ ಸಿಕ್ಕಿದ ಕಥೆ ಚೆನ್ನಾಗಿದೆ. 1953ರ ಮೇ ತಿಂಗಳಲ್ಲಿ ರಾಬಿನ್ಸನ್ ಅನ್ನೋ ಗಣಿತಜ್ಞ ಅಮೆರಿಕದ ಮಿಷಿಗನ್‌ನಲ್ಲಿ ಫ್ರೇಮ್ ಅವರನ್ನು ನೋಡೋಕೆ ಹೋಗಿದ್ದರು. ಮಾತಿನ ನಡುವೆ ಫ್ರೇಮ್‌ಗೆ ಈ ಸೂತ್ರ ಹೊಳೆಯಿತು. ಇಷ್ಟು ಸರಳವಾಗಿರೋಕೆ ಸಾಧ್ಯವೇ ಇಲ್ಲ ಅಂತ ರಾಬಿನ್ಸನ್ ಮೊದಲು ಒಪ್ಪಲಿಲ್ಲ, ಕೆಲವು ಉದಾಹರಣೆ ಮಾಡಿ ನೋಡಿದ ಮೇಲೆ ಒಪ್ಪಿದರು, ಇಬ್ಬರೂ ಕೂತು ಸಾಧಿಸಿದರು. ಎರಡು ದಿನ ಬಿಟ್ಟು ಪಕ್ಕದ ವಿಶ್ವವಿದ್ಯಾಲಯದಲ್ಲಿ ಅದನ್ನು ಹೇಳಿದಾಗ ಸಭೆಯಲ್ಲಿ ಕೂತಿದ್ದ ಥ್ರಾಲ್ ಬೆರಗಾದರು. ಅದೇ ದಿನ ಅವರೂ ಅದನ್ನೇ ಸಾಧಿಸಿದ್ದರು! ಮೂವರ ಹೆಸರಿನಲ್ಲೂ 1954ರಲ್ಲಿ ಪ್ರಕಟ ಆಯಿತು.

## ರೆಪ್ರೆಸೆಂಟೇಷನ್ ಅಂದ್ರೆ ಏನು?

ಇಲ್ಲಿಗೆ ಎಣಿಕೆ ಆಯಿತು. ಈಗ ದೊಡ್ಡ ಹೆಸರಿನ ವಿಷಯಕ್ಕೆ ಬರೋಣ.

ಮೂರು ವಸ್ತುಗಳನ್ನು ಅದಲು ಬದಲು ಮಾಡೋಕೆ 6 ದಾರಿ ಇದೆ, ಶಾಲೆಯಲ್ಲಿ ಕ್ರಮಯೋಜನೆ ಅಂತ ಓದಿದ್ದೇವೆ. ಏನೂ ಮಾಡದೆ ಸುಮ್ನೆ ಬಿಡೋದೂ ಅದರಲ್ಲಿ ಒಂದು. ಒಂದು ಅದಲು ಬದಲು ಮಾಡಿ ಆಮೇಲೆ ಇನ್ನೊಂದು ಮಾಡಿದರೆ ಸಿಗೋದು ಈ ಆರರಲ್ಲೇ ಒಂದು. ಮಾಡಿದ್ದನ್ನು ವಾಪಸ್ ಮಾಡೋಕೂ ಆಗುತ್ತದೆ. ಇಂಥ ಸಂಗ್ರಹಕ್ಕೆ ಗ್ರೂಪ್ ಅನ್ನುತ್ತಾರೆ. ವಸ್ತುಗಳ ಅದಲು ಬದಲಿನದ್ದು ಸಿಮ್ಮೆಟ್ರಿಕ್ ಗ್ರೂಪ್. ನಾಲ್ಕು ವಸ್ತುವಿಗೆ 24, ಐದಕ್ಕೆ 120.

ಗ್ರೂಪ್ ಅಂದ್ರೆ ಬರೀ ನಿಯಮ. ಅದು ಯಾವುದಾದರೂ ಸಂಖ್ಯೆಗಳ ಮೇಲೆ ಕೆಲಸ ಮಾಡೋದನ್ನ ನೋಡಿದರೆ ಅದರ ಸ್ವಭಾವ ಗೊತ್ತಾಗುತ್ತದೆ. ಹಾಗೆ ಕೆಲಸ ಮಾಡಿಸೋದೇ ರೆಪ್ರೆಸೆಂಟೇಷನ್, ಕನ್ನಡದಲ್ಲಿ ಪ್ರಾತಿನಿಧ್ಯ. ಪ್ರತಿಯೊಂದು ಅದಲು ಬದಲಿಗೂ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ, ಪಿಯುಸಿಯಲ್ಲಿ ಗುಣಿಸೋದು ಕಲಿತ ಅದೇ ಮ್ಯಾಟ್ರಿಕ್ಸ್.

ಮೂವರು ವಿದ್ಯಾರ್ಥಿಗಳ ಅಂಕ 70, 50, 30 ಅಂತಿಟ್ಟುಕೊಳ್ಳಿ. ಇದನ್ನು ಹೀಗೆ ಒಡೆಯಬಹುದು: ಸರಾಸರಿ 50, 50, 50. ಸರಾಸರಿಯಿಂದ ಎಷ್ಟು ಆಚೀಚೆ ಅನ್ನೋದು 20, 0, −20. ಎರಡನ್ನೂ ಕೂಡಿದರೆ ಮೊದಲಿನ ಅಂಕ ವಾಪಸ್.

ಈಗ ಮೂವರನ್ನು ಹೇಗೆ ಬೇಕಾದರೂ ಅದಲು ಬದಲು ಮಾಡಿ. ಸರಾಸರಿಯ ಭಾಗ ಅಲುಗೋದೇ ಇಲ್ಲ. ಆಚೀಚೆಯ ಭಾಗ ಬದಲಾಗುತ್ತದೆ, ಆದರೆ ಅದರ ಮೊತ್ತ ಯಾವಾಗಲೂ ಸೊನ್ನೆಯೇ. ಒಂದು ಭಾಗ ಇನ್ನೊಂದರೊಳಗೆ ಕಾಲಿಡೋದಿಲ್ಲ. ಮೊದಲ ಭಾಗಕ್ಕೆ ಒಂದು ಸಂಖ್ಯೆ ಗೊತ್ತಾದರೆ ಸಾಕು, ಅದರ ಆಯಾಮ 1. ಎರಡನೆಯದಕ್ಕೆ ಎರಡು ಸಂಖ್ಯೆ ಬೇಕು, ಮೂರನೆಯದು ತಾನಾಗೇ ಬರುತ್ತದೆ, ಅದರ ಆಯಾಮ 2. ಆ ಎರಡನೆಯ ಭಾಗವನ್ನು ಇನ್ನೂ ಚಿಕ್ಕದಾಗಿ ಒಡೆಯೋಕೆ ಹೋದರೆ ಆಗೋದಿಲ್ಲ, ಆರು ಅದಲು ಬದಲುಗಳಲ್ಲಿ ಯಾವುದಾದರೊಂದು ಅದನ್ನು ಕಲಸಿಬಿಡುತ್ತದೆ. ಹೀಗೆ ಒಡೆಯಲಾಗದ ಭಾಗಕ್ಕೆ ಇರ್‍ರೆಡ್ಯೂಸಿಬಲ್ ಅಂತ ಹೆಸರು.

ಮೂರು ವಸ್ತುಗಳ ಗ್ರೂಪಿಗೆ ಇಂಥದ್ದು ಇನ್ನೊಂದಿದೆ. ಮೊದಲನೆಯ ಅಂಕದಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು, ಮೂರನೆಯದರಿಂದ ಮೊದಲನೆಯದು ಕಳೆದು, ಮೂರೂ ವ್ಯತ್ಯಾಸ ಗುಣಿಸಿ: 20×20×(−40) = −16,000. ಯಾವ ಇಬ್ಬರನ್ನು ಅದಲು ಬದಲು ಮಾಡಿದರೂ ಇದು +16,000 ಆಗುತ್ತದೆ. ಬೆಲೆ ಅದೇ, ಚಿಹ್ನೆ ಮಾತ್ರ ತಿರುಗುತ್ತದೆ. ಇದರ ಆಯಾಮವೂ 1.

ಒಟ್ಟು ಮೂರು ಒಡೆಯಲಾಗದ ಭಾಗ, ಆಯಾಮ 1, 2, 1. ಈಗ 3ರ ಪಾರ್ಟಿಷನ್ ನೋಡಿ: 3, 2+1, 1+1+1. ಮೂರೇ. ಪ್ರತಿ ಆಕಾರಕ್ಕೂ ಟ್ಯಾಬ್ಲೋ ಎಷ್ಟು? 1, 2, 1.

ಎಷ್ಟು ವಸ್ತುಗಳಿದ್ದರೂ ಹೀಗೇ. ಒಂದೊಂದು ಆಕಾರಕ್ಕೂ ಒಂದೊಂದು ಒಡೆಯಲಾಗದ ಪ್ರಾತಿನಿಧ್ಯ. ಅದರ ಆಯಾಮ ಎಷ್ಟು ಅಂದ್ರೆ, ಆ ಆಕಾರದ ಟ್ಯಾಬ್ಲೋ ಎಷ್ಟೋ ಅಷ್ಟು.

## ಎರಡು ಲೆಕ್ಕವೂ ಸರಿಹೋಗೋದು ಯಾಕೆ?

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

20, 0, −20 ಅನ್ನೇ ಇಟ್ಟುಕೊಳ್ಳಿ. ಮೂರನೆಯವರನ್ನು ಮುಟ್ಟಬೇಡಿ, ಮೊದಲ ಇಬ್ಬರನ್ನು ಮಾತ್ರ ಅದಲು ಬದಲು ಮಾಡೋಕೆ ಅವಕಾಶ ಅಂತಿರಲಿ. ಆರರಿಂದ ಗ್ರೂಪ್ ಎರಡಕ್ಕೆ ಇಳಿಯಿತು. ಈಗ ಆ ಒಡೆಯಲಾಗದ ಭಾಗ ಒಡೆಯುತ್ತದೆ! 20, 0, −20 ಅಂದ್ರೆ 10, 10, −20 ಮತ್ತು 10, −10, 0 ಕೂಡಿದ್ದು. ಮೊದಲ ಇಬ್ಬರನ್ನು ಅದಲು ಬದಲು ಮಾಡಿದರೆ ಮೊದಲನೆಯ ತುಂಡು ಹಾಗೇ ಇರುತ್ತದೆ, ಎರಡನೆಯ ತುಂಡು ಚಿಹ್ನೆ ತಿರುಗಿಸುತ್ತದೆ.

ಈಗ ಚೀಲದ ಕಡೆ ತಿರುಗಿ. 2+1 ಆಕಾರ: ನೆಲದಲ್ಲಿ ಎರಡು, ಮೇಲೆ ಒಂದು. ಬೀಳಿಸದೆ ಒಂದು ಚೀಲ ತೆಗೆಯಬೇಕು. ಎರಡೇ ದಾರಿ. ಮೇಲಿನದನ್ನು ತೆಗೆದರೆ ನೆಲದಲ್ಲಿ ಎರಡು ಚೀಲದ ಅಡ್ಡಸಾಲು ಉಳಿಯುತ್ತದೆ. ನೆಲದ ಬಲತುದಿಯದನ್ನು ತೆಗೆದರೆ ಒಂದರ ಮೇಲೊಂದು ಎರಡು ಚೀಲದ ಕಂಬ ಉಳಿಯುತ್ತದೆ. ಅಡ್ಡಸಾಲು ಅಂದ್ರೆ ಅದಲು ಬದಲಿಗೆ ಅಲುಗದ ಪ್ರಾತಿನಿಧ್ಯ, ಕಂಬ ಅಂದ್ರೆ ಚಿಹ್ನೆ ತಿರುಗಿಸುವ ಪ್ರಾತಿನಿಧ್ಯ. ಮೇಲೆ ಸಿಕ್ಕ ಎರಡು ತುಂಡುಗಳೇ ಇವು.

ಟ್ಯಾಬ್ಲೋ ಭಾಷೆಯಲ್ಲಿ ಹೇಳಬೇಕಂದ್ರೆ, 1 2 / 3 ಅನ್ನೋದರಲ್ಲಿ 3 ತೆಗೆದರೆ ಅಡ್ಡಸಾಲು. ಅದು 10, 10, −20ರ ದಿಕ್ಕು. 1 3 / 2 ಅನ್ನೋದರಲ್ಲಿ 3 ತೆಗೆದರೆ ಕಂಬ. ಅದು 10, −10, 0ರ ದಿಕ್ಕು. ಟ್ಯಾಬ್ಲೋ ಬರೀ ಎಣಿಕೆಗೆ ಬಂದದ್ದಲ್ಲ, ಪ್ರತಿ ಟ್ಯಾಬ್ಲೋ ಒಂದೊಂದು ದಿಕ್ಕಿನ ಹೆಸರು.

ದೊಡ್ಡ ಆಕಾರಕ್ಕೂ ಇದೇ ನಿಯಮ, ಬ್ರಾಂಚಿಂಗ್ ರೂಲ್ ಅಂತಾರೆ. ಒಂದು ವಸ್ತುವನ್ನು ಮುಟ್ಟದೆ ಬಿಟ್ಟರೆ ಪ್ರಾತಿನಿಧ್ಯ ಒಡೆದು, ಮೂಲೆಯ ಒಂದು ಮನೆ ತೆಗೆದಾಗ ಸಿಗುವ ಆಕಾರಗಳು ಒಂದೊಂದು ಸಲ ಬರುತ್ತವೆ. ಇನ್ನೊಂದು ವಸ್ತು ಬಿಡಿ, ಮತ್ತೆ ಒಡೆಯುತ್ತದೆ. ಕೊನೆಗೆ ಒಂದೇ ಮನೆ ಉಳಿಯೋವರೆಗೂ ಹೀಗೆ ಮಾಡಿದರೆ, ಇಡೀ ಪ್ರಾತಿನಿಧ್ಯ ಒಂದೊಂದೇ ದಿಕ್ಕಿನ ತುಂಡುಗಳಾಗಿರುತ್ತದೆ. ಪ್ರತಿ ತುಂಡೂ ಚೀಲ ತೆಗೆದ ಒಂದು ಕ್ರಮ. ತೆಗೆದ ಕ್ರಮ ಹಿಂದುಮುಂದು ಮಾಡಿದರೆ ಇಟ್ಟ ಕ್ರಮ, ಅಂದ್ರೆ ಟ್ಯಾಬ್ಲೋ. ಆಯಾಮವೂ ಟ್ಯಾಬ್ಲೋ ಎಣಿಕೆಯೂ ಒಂದೇ ಆಗೋದು ಇದಕ್ಕೇ.

## ವರ್ಗಗಳ ಮೊತ್ತ, ಅಂಕಿಗಳ ತಳ್ಳಾಟ

ಗ್ರೂಪ್ ಥಿಯರಿಯಲ್ಲಿ ಹಳೆಯ ನಿಯಮ ಒಂದಿದೆ: ಒಡೆಯಲಾಗದ ಎಲ್ಲ ಪ್ರಾತಿನಿಧ್ಯಗಳ ಆಯಾಮಗಳ ವರ್ಗ ಮಾಡಿ ಕೂಡಿದರೆ ಗ್ರೂಪಿನ ಗಾತ್ರ ಬರುತ್ತದೆ. ಮೂರು ವಸ್ತುವಿಗೆ 1+4+1 = 6. ನಾಲ್ಕಕ್ಕೆ ಟ್ಯಾಬ್ಲೋ ಎಣಿಕೆ 1, 3, 2, 3, 1. ವರ್ಗಗಳ ಮೊತ್ತ 1+9+4+9+1 = 24. ಐದಕ್ಕೆ 1, 4, 5, 6, 5, 4, 1. ನೀವೇ ಕೂಡಿ, 120 ಬರುತ್ತದೆ.

ಇದನ್ನು ಗ್ರೂಪಿನ ಹೆಸರೇ ಎತ್ತದೆ ತೋರಿಸಬಹುದಾ? ಟ್ಯಾಬ್ಲೋ ಎಣಿಕೆಯ ವರ್ಗ ಅಂದ್ರೆ ಒಂದೇ ಆಕಾರದ ಎರಡೆರಡು ಟ್ಯಾಬ್ಲೋಗಳ ಜೋಡಿ ಎಷ್ಟು ಅನ್ನೋ ಎಣಿಕೆ. ಹಾಗಾದರೆ ಪ್ರತಿ ಕ್ರಮಯೋಜನೆಗೂ ಒಂದು ಟ್ಯಾಬ್ಲೋ ಜೋಡಿ ಸಿಗುವ ವಿಧಾನ ಬೇಕು. ಅದನ್ನು ರಾಬಿನ್ಸನ್ 1938ರಲ್ಲಿ, ಶೆನ್‌ಸ್ಟೆಡ್ 1961ರಲ್ಲಿ ಕೊಟ್ಟರು, 1970ರಲ್ಲಿ ಡೊನಾಲ್ಡ್ ಕ್ನೂತ್ ಇನ್ನೂ ವಿಸ್ತರಿಸಿದರು.

ವಿಧಾನ ಹೀಗೆ. ಅಂಕಿಗಳು ಒಂದೊಂದಾಗಿ ಬರುತ್ತವೆ. ಬಂದದ್ದು ಮೊದಲ ಸಾಲಿಗೆ ಹೋಗುತ್ತದೆ. ಅಲ್ಲಿ ತನಗಿಂತ ದೊಡ್ಡದು ಇಲ್ಲದಿದ್ದರೆ ಕೊನೆಯಲ್ಲಿ ಕೂರುತ್ತದೆ. ಇದ್ದರೆ, ತನಗಿಂತ ದೊಡ್ಡವುಗಳಲ್ಲಿ ಅತಿ ಚಿಕ್ಕದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರುತ್ತದೆ. ಎದ್ದದ್ದು ಮುಂದಿನ ಸಾಲಿಗೆ ಹೋಗಿ ಅಲ್ಲೂ ಹೀಗೇ ಮಾಡುತ್ತದೆ.

3, 1, 5, 2, 4 ಅನ್ನೋ ಕ್ರಮ ತೆಗೆದುಕೊಳ್ಳೋಣ. 3 ಬಂದು ಕೂತಿತು. 1 ಬಂತು, 3 ಅನ್ನು ಎಬ್ಬಿಸಿತು: 1 / 3. 5 ಬಂತು, ತನಗಿಂತ ದೊಡ್ಡದಿಲ್ಲ: 1 5 / 3. 2 ಬಂತು, 5 ಅನ್ನು ಎಬ್ಬಿಸಿತು, ಆ 5 ಎರಡನೇ ಸಾಲಿನ ಕೊನೆಗೆ ಹೋಯಿತು: 1 2 / 3 5. ಕೊನೆಗೆ 4 ಬಂದು ಸುಮ್ನೆ ಕೂತಿತು: 1 2 4 / 3 5. ಇದು ಮೊದಲ ಟ್ಯಾಬ್ಲೋ. ಪ್ರತಿ ಹೆಜ್ಜೆಯಲ್ಲಿ ಹೊಸ ಮನೆ ಎಲ್ಲಿ ಹುಟ್ಟಿತು ಅಂತ ಬರೆದಿಟ್ಟುಕೊಂಡರೆ ಎರಡನೆಯದು: 1 3 5 / 2 4. ಎರಡೂ ನಮ್ಮ ಐದರ ಪಟ್ಟಿಯಲ್ಲಿವೆ. ಈ ಜೋಡಿ ಕೊಟ್ಟರೆ ಹಿಂದಕ್ಕೆ ಬಿಚ್ಚುತ್ತಾ ಹೋಗಿ 3, 1, 5, 2, 4 ಅನ್ನು ವಾಪಸ್ ಪಡೆಯಬಹುದು.

ಜೊತೆಗೆ ಇನ್ನೊಂದು ಲಾಭ. ಮೊದಲ ಸಾಲಿನ ಉದ್ದ 3. ಮೂಲ ಕ್ರಮದಲ್ಲಿ ಎಡದಿಂದ ಬಲಕ್ಕೆ ಏರುತ್ತಾ ಹೋಗುವ ಅತಿ ಉದ್ದದ ಸರಣಿ 1, 2, 4. ಅದರ ಉದ್ದವೂ 3. ಸಾಲುಗಳ ಸಂಖ್ಯೆ 2, ಇಳಿಯುವ ಅತಿ ಉದ್ದದ ಸರಣಿಯ ಉದ್ದವೂ 2. ಇದು ಯಾವಾಗಲೂ ನಿಜ. ಹಾಗಾಗಿ ಬೇರೆ ಬೇರೆ ಹತ್ತು ಸಂಖ್ಯೆಗಳನ್ನು ಹೇಗೆ ಕಲಸಿದರೂ ಏರುವ ಅಥವಾ ಇಳಿಯುವ ನಾಲ್ಕು ಸಂಖ್ಯೆ ಅದರಲ್ಲಿ ಇದ್ದೇ ಇರುತ್ತವೆ. 3 ಸಾಲು, ಸಾಲಿಗೆ 3 ಮನೆ ಅಂದ್ರೆ ಒಂಬತ್ತೇ ಮನೆ, ಹತ್ತನೆಯದಕ್ಕೆ ಜಾಗ ಇಲ್ಲ.

## ಕಣಗಳು ಮತ್ತು ಕ್ಯೂಬಿಟ್

ಈಗ ನಿಯಮ ಸ್ವಲ್ಪ ಸಡಿಲಿಸೋಣ. ಒಂದೇ ಅಂಕಿ ಮತ್ತೆ ಮತ್ತೆ ಬರಬಹುದು. ಅಡ್ಡಸಾಲಿನಲ್ಲಿ ಸಮ ಇದ್ದರೂ ಸರಿ, ಆದರೆ ಕಂಬಸಾಲಿನಲ್ಲಿ ಏರಲೇಬೇಕು. ಇದಕ್ಕೆ ಸೆಮಿಸ್ಟ್ಯಾಂಡರ್ಡ್ ಟ್ಯಾಬ್ಲೋ ಅನ್ನುತ್ತಾರೆ.

2+1 ಆಕಾರಕ್ಕೆ 1, 2, 3 ಮಾತ್ರ ಬಳಸಿ ತುಂಬಿ: 1 1 / 2, 1 1 / 3, 1 2 / 2, 1 2 / 3, 1 3 / 2, 1 3 / 3, 2 2 / 3, 2 3 / 3. ಎಂಟು. ಮೂರು ಮನೆಯ ಅಡ್ಡಸಾಲಿಗೆ ಹತ್ತು ಥರ. ಮೂರು ಮನೆಯ ಕಂಬಕ್ಕೆ ಒಂದೇ.

ಮೂರು ಸ್ಥಾನ, ಪ್ರತಿ ಸ್ಥಾನಕ್ಕೂ ಮೂರು ಆಯ್ಕೆ ಅಂದ್ರೆ ಒಟ್ಟು 3×3×3 = 27 ಸ್ಥಿತಿ. ಈಗ ಪ್ರತಿ ಆಕಾರದ ಎರಡೂ ಎಣಿಕೆ, ಅಂದ್ರೆ ಈಗ ಸಿಕ್ಕ ಸೆಮಿಸ್ಟ್ಯಾಂಡರ್ಡ್ ಎಣಿಕೆ ಮತ್ತು ಮೊದಲಿನ ಸ್ಟ್ಯಾಂಡರ್ಡ್ ಎಣಿಕೆ, ಗುಣಿಸಿ ಕೂಡಿ: 10×1 + 8×2 + 1×1 = 27. ಸ್ಥಾನಗಳ ಅದಲು ಬದಲು ಒಂದು ಕಡೆ, ಆಯ್ಕೆಗಳ ಬದಲಾವಣೆ ಇನ್ನೊಂದು ಕಡೆ, ಎರಡಕ್ಕೂ ಅದೇ ಆಕಾರಗಳೇ ಲೆಕ್ಕ ಇಡುತ್ತವೆ. ಇದಕ್ಕೆ ಶೂರ್ ಮತ್ತು ವೈಲ್ ಅವರ ಹೆಸರಿದೆ.

ಆ 8 ಮತ್ತು 10 ಭೌತಶಾಸ್ತ್ರದವರಿಗೆ ಚೆನ್ನಾಗಿ ಗೊತ್ತಿರುವ ಸಂಖ್ಯೆಗಳು. ಅಪ್, ಡೌನ್, ಸ್ಟ್ರೇಂಜ್ ಅನ್ನೋ ಮೂರು ಬಗೆಯ ಕ್ವಾರ್ಕುಗಳಲ್ಲಿ ಮೂರು ಸೇರಿ ಆಗುವ ಕಣಗಳು ಎಂಟರ ಮತ್ತು ಹತ್ತರ ಕುಟುಂಬಗಳಾಗಿ ಬರುತ್ತವೆ. ಪ್ರೋಟಾನ್, ನ್ಯೂಟ್ರಾನ್ ಎಂಟರ ಕುಟುಂಬದವು. ಮರ್ರೆ ಗೆಲ್‌ಮನ್ ಮತ್ತು ಯುವಾಲ್ ನೀಮನ್ 1961ರಲ್ಲಿ, ಕ್ವಾರ್ಕ್ ಅನ್ನೋ ಕಲ್ಪನೆ ಬರುವ ಮೊದಲೇ, ಇಂಥ ಕುಟುಂಬಗಳ ಲೆಕ್ಕ ಹಾಕಿದ್ದರು. ಹತ್ತರ ಕುಟುಂಬದಲ್ಲಿ ಒಂಬತ್ತು ಕಣ ಗೊತ್ತಿತ್ತು, ಒಂದು ಜಾಗ ಖಾಲಿ. ಅಲ್ಲಿ ಎಂಥ ಕಣ ಇರಬೇಕು ಅಂತ 1962ರಲ್ಲಿ ಹೇಳಿದರು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಒಮೆಗಾ ಮೈನಸ್ ಸಿಕ್ಕಿತು.

ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿಯ ಅತಿ ಚಿಕ್ಕ ಘಟಕವಾದ ಕ್ಯೂಬಿಟ್‌ಗೂ ಇದೇ ಲೆಕ್ಕ. ಒಂದು ಕ್ಯೂಬಿಟ್‌ಗೆ ಮೂಲ ಸ್ಥಿತಿ ಎರಡು, ಮೂರು ಕ್ಯೂಬಿಟ್‌ಗೆ 8. ಬರೀ 1, 2 ಬಳಸಿ ತುಂಬಿದರೆ ಅಡ್ಡಸಾಲಿಗೆ 4, 2+1 ಆಕಾರಕ್ಕೆ 2. ಮೂರು ಮನೆಯ ಕಂಬಕ್ಕೆ ಸಾಧ್ಯವೇ ಇಲ್ಲ, ಎರಡೇ ಅಂಕಿಯಲ್ಲಿ ಮೂರು ಮನೆಯನ್ನು ಏರುತ್ತಾ ತುಂಬೋಕೆ ಆಗೋದಿಲ್ಲವಲ್ಲ. 4×1 + 2×2 = 8. ಕ್ಯೂಬಿಟ್‌ಗಳ ಸ್ಥಿತಿಯನ್ನು ಹೀಗೆ ಆಕಾರವಾರು ಬೇರ್ಪಡಿಸೋದಕ್ಕೆ ಶೂರ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು, ಅದನ್ನು ಕ್ವಾಂಟಮ್ ಕಂಪ್ಯೂಟರಿನಲ್ಲಿ ಬೇಗ ಮಾಡುವ ವಿಧಾನ 2000ರ ದಶಕದಲ್ಲಿ ಸಿಕ್ಕಿತು. ಕಾರಿಡಾರಿನ ಆ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ.

## ಯಾರು ಈ ಯಂಗ್?

ಆಲ್ಫ್ರೆಡ್ ಯಂಗ್ 1873ರಲ್ಲಿ ಹುಟ್ಟಿದ ಇಂಗ್ಲೆಂಡಿನ ಗಣಿತಜ್ಞ. 1910ರಿಂದ 1940ರಲ್ಲಿ ತೀರಿಕೊಳ್ಳೋವರೆಗೂ ಎಸೆಕ್ಸ್‌ನ ಬರ್ಡ್‌ಬ್ರೂಕ್ ಅನ್ನೋ ಹಳ್ಳಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಚರ್ಚಿನ ಕೆಲಸದ ಜೊತೆಗೇ ಗಣಿತ. ಈ ಚಿತ್ರಗಳನ್ನು ಅವರು ಮೊದಲು ಬಳಸಿದ್ದು 1900ರ ಹೊತ್ತಿಗೆ. ಅದೇ ಕಾಲಕ್ಕೆ ಬರ್ಲಿನ್‌ನಲ್ಲಿ ಫ್ರೊಬೇನಿಯಸ್ ಬೇರೆ ದಾರಿಯಿಂದ ಸಿಮ್ಮೆಟ್ರಿಕ್ ಗ್ರೂಪನ್ನು ಬಿಡಿಸಿದ್ದರು. ಯಂಗ್ ಆ ಜರ್ಮನ್ ಲೇಖನಗಳನ್ನು ಓದಿ, ಬಹಳ ವರ್ಷ ಬಿಟ್ಟು, 1920ರ ದಶಕದ ಕೊನೆಯಲ್ಲಿ ಮತ್ತೆ ಬರೆದರು. ನಾವು ಮೇಲೆ ತುಂಬಿದ ಸ್ಟ್ಯಾಂಡರ್ಡ್ ಟ್ಯಾಬ್ಲೋ ಬಂದದ್ದು ಆಗ.

ನಮ್ಮವರ ಪಾಲೂ ಇದೆ. ರೆಪ್ರೆಸೆಂಟೇಷನ್ ಥಿಯರಿಯ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದ ಹರೀಶ್‌ಚಂದ್ರ, 1940ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಜೊತೆ ಕೆಲಸ ಮಾಡಿ ಕೇಂಬ್ರಿಡ್ಜ್‌ಗೆ ಹೋದವರು. ಸಿ.ಎಸ್. ಶೇಷಾದ್ರಿ, ವಿ. ಲಕ್ಷ್ಮೀಬಾಯಿ, ಸಿ. ಮೂಸಿಲಿ 1970ರ ದಶಕದಿಂದ ಬೆಳೆಸಿದ ಸ್ಟ್ಯಾಂಡರ್ಡ್ ಮೊನೋಮಿಯಲ್ ಥಿಯರಿ ಟ್ಯಾಬ್ಲೋಗಳ ಕಲ್ಪನೆಯನ್ನು ಜ್ಯಾಮಿತಿಗೆ ತೆಗೆದುಕೊಂಡು ಹೋಯಿತು.

## ಇನ್ನೂ ಬಿಡಿಸದ ಲೆಕ್ಕ

ಎರಡು ಪ್ರಾತಿನಿಧ್ಯಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವುದನ್ನು ಮತ್ತೆ ಒಡೆಯಲಾಗದ ಭಾಗಗಳಾಗಿ ಒಡೆಯಬಹುದು. 2+1 ಅನ್ನು 2+1ರಿಂದ ಗುಣಿಸಿದರೆ ಆಯಾಮ 2×2 = 4. ಅದು ಒಡೆದರೆ 3, 2+1, 1+1+1 ಮೂರೂ ಒಂದೊಂದು ಸಲ ಬರುತ್ತವೆ, 1+2+1 = 4. ದೊಡ್ಡ ಆಕಾರಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಅನ್ನೋ ಸಂಖ್ಯೆಗೆ ಕ್ರೋನೆಕರ್ ಗುಣಾಂಕ ಅಂತ ಹೆಸರು.

ಕೊಕ್ಕೆ ಎಣಿಸಿದ ಹಾಗೆ, ಟ್ಯಾಬ್ಲೋ ತುಂಬಿದ ಹಾಗೆ, ಏನನ್ನಾದರೂ ನೇರವಾಗಿ ಎಣಿಸಿ ಈ ಸಂಖ್ಯೆ ಪಡೆಯುವ ನಿಯಮ ಇದೆಯಾ? ಮುರ್ನಘನ್ 1938ರಲ್ಲೇ ಈ ಸಂಖ್ಯೆಗಳನ್ನು ಮುಂದಿಟ್ಟರು, ಎಲ್ಲ ಆಕಾರಕ್ಕೂ ನಡೆಯುವ ಅಂಥ ನಿಯಮ ಇವತ್ತಿನವರೆಗೂ ಸಿಕ್ಕಿಲ್ಲ. ಲೆಕ್ಕ ಹಾಕೋಕೆ ಸೂತ್ರ ಇದೆ, ಆದರೆ ಅದರಲ್ಲಿ ಕೂಡೋದೂ ಕಳೆಯೋದೂ ಬೆರೆತಿದೆ. ಕೊನೆಗೆ ಬರೋದು ಯಾವಾಗಲೂ ಸೊನ್ನೆ ಅಥವಾ ಧನ ಪೂರ್ಣಾಂಕವೇ ಆದರೂ ಅದು ಯಾವ ವಸ್ತುಗಳ ಎಣಿಕೆ ಅಂತ ಸೂತ್ರ ನೋಡಿದರೆ ಗೊತ್ತಾಗೋದಿಲ್ಲ. ಕ್ವಾಂಟಮ್ ಕಂಪ್ಯೂಟರ್ ಇದಕ್ಕೆ ಎಷ್ಟು ನೆರವಾಗಬಹುದು ಅನ್ನೋದರ ಮೇಲೂ ಈಚಿನ ವರ್ಷಗಳಲ್ಲಿ ಸಂಶೋಧನೆ ನಡೆದಿದೆ. ಈ ಪ್ರಶ್ನೆ ಅರ್ಥ ಮಾಡಿಕೊಳ್ಳೋಕೆ ಬೇಕಾದ ಚಿತ್ರಗಳನ್ನೆಲ್ಲ ನೀವು ಈಗಾಗಲೇ ನೋಡಿದ್ದೀರಿ. ಶುರು ಮಾಡೋದಾದರೆ 6ರ ಹನ್ನೊಂದು ಆಕಾರ ಬರೆದು, ಕೊಕ್ಕೆ ಲೆಕ್ಕ ಹಾಕಿ, ವರ್ಗಗಳ ಮೊತ್ತ 720 ಬರುತ್ತದಾ ನೋಡಿ. 3+2+1 ಆಕಾರಕ್ಕೆ ನಿಮಗೆ 16 ಬರಬೇಕು.